ಪೂರಾ ಏರಿಸಿದ ದನಿ

ತಿರುಗಿಸುವ ಗುಂಡಿ ಯಾವುದೇ ಇರಲಿ, ಅದನ್ನು ಕೊನೆ ಮುಟ್ಟುವವರೆಗೆ ತಿರುಗಿಸುವುದು ನನ್ನ ಕೈಗೆ ಅಂಟಿದ ಚಾಳಿ. ರೇಡಿಯೋ, ಟೀವಿ, ಫ್ಯಾನು, ಗ್ಯಾಸಿನ ಒಲೆ, ಎಲ್ಲಕ್ಕೂ ಒಂದೇ ನ್ಯಾಯ. ಕೊಟ್ಟದ್ದನ್ನು ಅರ್ಧಕ್ಕೆ ಬಳಸಿದರೆ ಅದನ್ನು ಮಾಡಿದವನಿಗೆ ಅವಮಾನವಾದೀತು ಎಂಬಂತೆ ಇಷ್ಟು ವರ್ಷ ನಡೆದುಕೊಂಡು ಬಂದೆ. ಈ ಚಾಳಿ ಈಚೆಗೆ ಮೂರು ವಾರ ನನ್ನ ಊಟದ ರುಚಿ ಕೆಡಿಸಿ, ಗಂಟಲಿನ ಡಾಕ್ಟರ ಮೆಟ್ಟಿಲು ಹತ್ತಿಸಿ ಇಳಿಸಿತು. ಈಗ ಎಲ್ಲ ಸರಿಹೋಗಿದೆ. ಸರಿಹೋಗಿರುವುದರಿಂದಲೇ ಇದನ್ನು ನಗುನಗುತ್ತ ಬರೆಯಲು ಆಗುತ್ತಿದೆ.

ತಪ್ಪು ನನ್ನೊಬ್ಬನದಲ್ಲ, ಬೆಟಗೇರಿಯದೂ ಹೌದು. ನಾನು ಹುಟ್ಟಿದ್ದು ಮಗ್ಗದ ಮನೆಯಲ್ಲಿ. ನಮ್ಮ ಓಣಿಯಲ್ಲಿ ಒಂದು ಮನೆಯ ಲಾಳಿ ನಿಂತರೆ ಇನ್ನೊಂದು ಮನೆಯದು ಓಡುತ್ತಿರುತ್ತಿತ್ತು. ಆ ಖಟಕ್ ಖಟಕ್ ನಡುವೆ ನೀರು ಕೇಳಬೇಕಾದರೂ ಕೂಗಬೇಕು, ಮುದ್ದು ಮಾಡಬೇಕಾದರೂ ಕೂಗಬೇಕು. ಗುಟ್ಟು ಎಂಬ ಪದಾರ್ಥವೇ ನಮ್ಮ ಓಣಿಗೆ ಗೊತ್ತಿರಲಿಲ್ಲ. ನಾನು ಕನ್ಯೆ ನೋಡಲು ಹೋದದ್ದು ಕೂಡ ಇನ್ನೊಂದು ಮಗ್ಗದ ಮನೆಗೆ. ಹೆಸರೇನು ಎಂದು ನಾನು ಕೂಗಿದೆ, ಕಸ್ತೂರಿ ಎಂದು ಆಕೆ ಕೂಗಿದಳು. ಅರೆಗಳಿಗೆ ಮಗ್ಗ ನಿಲ್ಲಿಸಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ನಮ್ಮ ಮನೆಯ ಮಗ್ಗ ಹೋಗಿ ಎಷ್ಟೋ ವರ್ಷವಾದರೂ ನಾವಿಬ್ಬರೂ ಅದೇ ಎತ್ತರದ ದನಿಯಲ್ಲಿ ಸಂಸಾರ ಮಾಡುತ್ತ ಬಂದಿದ್ದೇವೆ. ಹೊಸಬರು ನಮ್ಮ ಮನೆ ಮುಂದೆ ಹಾದುಹೋದರೆ ಒಳಗೆ ಭಾರೀ ಜಗಳ ನಡೆದಿದೆ ಎಂದುಕೊಳ್ಳುತ್ತಾರೆ. ನಾವು ಉಪ್ಪಿಟ್ಟಿಗೆ ಉಪ್ಪು ಸಾಕಾಯಿತೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತಿರುತ್ತೇವೆ.

ಇಂಥ ದನಿ ಇಟ್ಟುಕೊಂಡು ನಾನು ಮಾಸ್ತರನಾದೆ. ಶಿರಹಟ್ಟಿಯ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಮಹಬೂಬ ಗಣಿತ ಕಲಿಸುತ್ತಿದ್ದ. ಒಂದು ದಿನ ಅವನು ತನ್ನ ಹುಡುಗರ ನೋಟುಬುಕ್ಕು ತಂದು ನನ್ನ ಮುಂದೆ ಹಿಡಿದ. ಭಿನ್ನರಾಶಿಯ ಲೆಕ್ಕದ ನಡುವೆ ನಾಲ್ಕು ಸಾಲು ಉಕ್ತಲೇಖನ ಇತ್ತು. ನಾನು ನನ್ನ ತರಗತಿಗೆ ಹೇಳಿದ್ದನ್ನು ಅವನ ತರಗತಿಯೂ ಬರೆದುಕೊಂಡಿತ್ತು, ಅದೂ ತಪ್ಪಿಲ್ಲದೆ. ಅಂದಿನಿಂದ ನಮ್ಮ ದೋಸ್ತಿ. ಗಣಿತದ ಮಾಸ್ತರನಾದರೂ ಅವನಿಗೆ ಕಾದಂಬರಿಯ ಹುಚ್ಚು. ಕನ್ನಡದ ಮಾಸ್ತರನಾದ ನನಗಿಂತ ಹೆಚ್ಚು ಓದಿದವನು ಅವನೇ, ಇದನ್ನು ಈಗಲಾದರೂ ಒಪ್ಪಿಕೊಂಡುಬಿಡುತ್ತೇನೆ.

ನಿವೃತ್ತಿಯ ಮೇಲೆ ನಾನು ಬೆಟಗೇರಿಗೆ ಮರಳಿದೆ, ಅವನು ತನ್ನ ಊರು ಲಕ್ಷ್ಮೇಶ್ವರಕ್ಕೆ ಹೋದ. ಸಕ್ಕರೆ ಕಾಯಿಲೆ ಮೆಲ್ಲಗೆ ಅವನ ಕಣ್ಣು ತಿಂದಿತು. ಮೊದಲು ಸಣ್ಣಕ್ಷರ ಹೋದವು, ಆಮೇಲೆ ದೊಡ್ಡವು. ಕಾಣದಿದ್ದುದಕ್ಕೆ ಅವನು ಅಷ್ಟು ಮರುಗಲಿಲ್ಲ, ಓದಲಾಗದ್ದಕ್ಕೆ ಮರುಗಿದ. ಆಗ ನಾನು ಒಂದು ಮಾತು ಕೊಟ್ಟೆ. ದಿನಾ ಹತ್ತು ಪುಟ ಓದಿ, ರೆಕಾರ್ಡ್ ಮಾಡಿ ಕಳಿಸುತ್ತೇನೆ, ನೀನು ಕೇಳು ಎಂದೆ. ಅವನ ಮಗಳು ಶಾಹೀನ ಗದುಗಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಏದುಸಿರು ಬಿಡುತ್ತಿದ್ದ ನನ್ನ ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹಗುರ ತಂತ್ರಾಂಶ ಹಾಕಿ, ಒಂದು ಮೈಕು ಸಿಕ್ಕಿಸಿಕೊಟ್ಟಳು. ಲಿನಕ್ಸಿನ ಗುರುತು ಪೆಂಗ್ವಿನ್ ಹಕ್ಕಿಯಂತೆ. ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯದಲ್ಲೂ ಇಲ್ಲದ ಜೀವಿ ನಮ್ಮ ಪಡಸಾಲೆಗೆ ಬಂತೆಂದು ನಾನು ಓಣಿ ತುಂಬ ಹೇಳಿಕೊಂಡು ಬಂದೆ.

ಐದಾರು ತಿಂಗಳು ಸುಸೂತ್ರವಾಗಿ ನಡೆಯಿತು. ಬೆಳಗಿನ ನಾಷ್ಟಾ ಆದಮೇಲೆ ಓದುವುದು, ಮಧ್ಯಾಹ್ನದೊಳಗೆ ಕಳಿಸುವುದು. ಅವನು ಕೇಳಿ, ತನ್ನ ಅಭಿಪ್ರಾಯವನ್ನು ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಅದಕ್ಕೆ ನನ್ನ ಉತ್ತರ ಮರುದಿನದ ಓದಿನ ಬಾಲದಲ್ಲಿ ಸೇರಿ ಹೋಗುತ್ತಿತ್ತು. ದಪ್ಪನೆಯ ಕಾದಂಬರಿಯೊಂದರ ನಡುಮಧ್ಯದಲ್ಲಿದ್ದಾಗ, ಒಂದು ದಿನ ಅವನಿಂದ ಕಥೆಯ ಮಾತೇ ಇಲ್ಲದ ಸಂದೇಶ ಬಂತು.

"ಮಾಸ್ತರ, ನಿನ್ನ ದನಿ ಒಡದೈತಿ. ಹರಕ ತಗಡ ಅಲುಗಿಸಿದಂಗ ಕೇಳತೈತಿ. ಚ್ಯಾಷ್ಟಿ ಮಾಡಾಕತ್ತಿಲ್ಲ ನಾ. ಗಂಟಲಾ ತೋರ್ಸು."

ಮಹಬೂಬ ಎಲ್ಲದರ ಮೇಲೂ ಚೇಷ್ಟೆ ಮಾಡುವ ಮನುಷ್ಯ, ಕಾಯಿಲೆಯೊಂದನ್ನು ಬಿಟ್ಟು. ನನಗೆ ಹೆದರಿಕೆ ಹತ್ತಿತು. ಕಾರಣ ಇತ್ತು. ನಮ್ಮ ಕಾಕಾನಿಗೂ, ಎಂದರೆ ಅಪ್ಪನ ತಮ್ಮನಿಗೂ, ಹೀಗೇ ಶುರುವಾದದ್ದು. ಮೊದಲು ದನಿ ಒಡೆಯಿತು, ಆಮೇಲೆ ದನಿ ಹೋಯಿತು, ಆಮೇಲೆ ಕಾಕಾನೇ ಹೋದ. ಅವನು ಜೀವಮಾನವಿಡೀ ಎಲೆ ಅಡಿಕೆಯ ಜೊತೆ ತಂಬಾಕು ಹಾಕಿದವನು. ಅದೇ ಚೀಲದಿಂದ ಎತ್ತಿಕೊಂಡು ನಾನೂ ಇಪ್ಪತ್ತು ವರ್ಷ ಹಾಕಿದ್ದೆ. ಬಿಟ್ಟು ಬಹಳ ಕಾಲವಾಗಿತ್ತು, ನಿಜ. ಆದರೆ ಗಂಟಲು ಹಳೆಯದನ್ನೆಲ್ಲ ನೆನಪಿಟ್ಟುಕೊಂಡಿದ್ದರೆ ಏನು ಮಾಡುವುದು?

ಮೊದಲು ಕಂಪ್ಯೂಟರಿನ ಮೇಲೆ ತಪ್ಪು ಹೊರಿಸಲು ನೋಡಿದೆ. ಸ್ಪೀಕರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಮೈಕಿನ ಧೂಳು ಒರೆಸಿದೆ. ಕಂಪ್ಯೂಟರ್ ಬಂದ್ ಮಾಡಿ, ಒಂದು ಕಪ್ಪು ಚಹಾ ಕುಡಿದು, ಮತ್ತೆ ಚಾಲೂ ಮಾಡಿದೆ. ಹಿಂದಿನ ತಿಂಗಳ ರೆಕಾರ್ಡು ಹಚ್ಚಿದರೆ ಗಂಟೆಯಂಥ ದನಿ. ಈ ವಾರದ್ದು ಹಚ್ಚಿದರೆ ಕರಕರ, ಗರಗರ, ಪ್ರತಿ ದೀರ್ಘಾಕ್ಷರಕ್ಕೂ ಚೂರು ಚೂರು. ಸ್ಪೀಕರ್ ಅದೇ, ಕೋಣೆ ಅದೇ, ಮೈಕೂ ಅದೇ. ಬದಲಾಗಿರಬಹುದಾದ್ದು ಒಂದೇ ಉಳಿಯಿತು. ತರ್ಕವನ್ನು ಅಲ್ಲಿಗೇ ಬಿಟ್ಟು ಉಪ್ಪುನೀರು ಬಾಯಿ ಮುಕ್ಕಳಿಸಲು ಶುರುಮಾಡಿದೆ.

ಮೂವತ್ತು ವರ್ಷ ಮಕ್ಕಳಿಗೆ ವರ್ಣಮಾಲೆ ಕಲಿಸಿದ ಮನುಷ್ಯ ನಾನು. ಕ ಖ ಗ ಘ ಙ, ಇವು ಕಂಠದಲ್ಲಿ ಹುಟ್ಟುವ ಅಕ್ಷರಗಳು ಎಂದು ಬೋರ್ಡಿನ ಮೇಲೆ ಸಾವಿರ ಸಲ ಬರೆದಿದ್ದೇನೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಾಧನ ಎಲ್ಲಿ ಸಿಗಬೇಕು? ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಿಂತು ಐದನ್ನೂ ಒಂದೊಂದಾಗಿ ಹೇಳತೊಡಗಿದೆ. ಜನ್ಮದಲ್ಲಿ ಯಾವ ಮಾತಿಗೂ ಬೇಕಾಗದ ಙ ಅಕ್ಷರವನ್ನೂ ಬಿಡಲಿಲ್ಲ. ರೋಗ ಅಲ್ಲೇ ಅಡಗಿ ಕೂತಿದ್ದರೆ? ಎಲ್ಲ ಸರಿಯಾಗಿಯೇ ಕೇಳಿಸಿದವು. ಆದರೆ ಮಗ್ಗದ ಮನೆಯಲ್ಲಿ ಬೆಳೆದ ಕಿವಿಯನ್ನು ಎಷ್ಟು ನಂಬುವುದು? ಕಸ್ತೂರಿಯನ್ನು ಕೇಳಿದೆ. ನನ್ನ ದನಿ ಈಚೆಗೆ ಕೆಟ್ಟಿದೆಯೇ ಎಂದೆ. ಮೊದಲು ಯಾವಾಗ ಚೆನ್ನಾಗಿತ್ತು ಎಂದು ಕೇಳಿ ಆಕೆ ಒಳಗೆ ಹೋದಳು. ಕಾಕಾನ ವಿಷಯ ಆಕೆಗೆ ನೆನಪಿಸುವ ಧೈರ್ಯ ನನಗಿರಲಿಲ್ಲ.

ಡಾಕ್ಟರ ಬಳಿಗೂ ಹೋದೆ. ಹೋದೆ ಎಂದರೆ ಗದುಗಿನ ಗಂಟಲಿನ ದವಾಖಾನೆಯ ಮೆಟ್ಟಿಲಿನವರೆಗೆ ಹೋದೆ. ಬಾಗಿಲಲ್ಲೇ ಗೋಡೆಗೆ ಒಂದು ಗಂಟಲಿನ ಚಿತ್ರ ತೂಗುಹಾಕಿದ್ದರು. ಕೆಂಪಗೆ, ಒಳಗಿನ ಸಂದುಗೊಂದನ್ನೆಲ್ಲ ತೋರಿಸುವ ಚಿತ್ರ. ನೋಡಿದವನೇ ಚಪ್ಪಲಿ ಮೆಟ್ಟಿ ಹಿಂದಿರುಗಿದೆ. ಎದುರಿನ ಗಾಡಿಯಲ್ಲಿ ಗಿರಮಿಟ್ಟು, ಮಿರ್ಚಿ ತಿಂದೆ. ಕೆಟ್ಟ ಗಂಟಲಾದರೆ ಇಷ್ಟು ಖಾರ ತಡೆಯುತ್ತಿತ್ತೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆ ಮುಟ್ಟುವಷ್ಟರಲ್ಲಿ ಗಂಟಲು ಉರಿಯತೊಡಗಿತು. ಮಿರ್ಚಿಯ ಉರಿಯೋ ಇನ್ನೊಂದರದೋ ತಿಳಿಯದೆ ಆ ದಿನ ಪೂರ್ತಿ ಮಜ್ಜಿಗೆ ಕುಡಿಯುತ್ತ ಕೂತೆ.

ಓದುವುದನ್ನು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮಹಬೂಬನಿಗೆ ಎಲ್ಲ ಗೊತ್ತಾಗುತ್ತದಲ್ಲ. ದನಿ ಒಡೆದಂತೆಲ್ಲ ಇನ್ನಷ್ಟು ಜೋರಾಗಿ ಓದಿದೆ, ಜೋರು ಮಾಡಿದಷ್ಟೂ ಅದು ಇನ್ನಷ್ಟು ಒಡೆಯಿತು.

ಮೂರನೆಯ ವಾರ ಶಾಹೀನ ತಾನೇ ಫೋನು ಮಾಡಿದಳು. ಅಪ್ಪ ಊಟ ಸರಿಯಾಗಿ ಮಾಡುತ್ತಿಲ್ಲ, ನಿಮ್ಮದೇ ಚಿಂತೆ ಹಚ್ಚಿಕೊಂಡಿದ್ದಾರೆ, ಏನು ವಿಷಯ ಎಂದು ಕೇಳಿದಳು. ನಾನು ತಡವರಿಸುತ್ತ ಎಲ್ಲ ಹೇಳಿದೆ, ಕಾಕಾನ ಕಥೆಯನ್ನೂ ಹೇಳಿದೆ. ನನ್ನನ್ನೂ ಕಾಕಾ ಎಂದೇ ಕರೆಯುವ ಆಕೆ ಪೂರ್ತಿ ಕೇಳಿಸಿಕೊಂಡಳು.

"ಕಾಕಾ, ಫೋನಿನ್ಯಾಗ ನನಗ ನಿಮ್ಮ ದನಿ ಚೊಲೊನ ಕೇಳಾಕತ್ತೈತಿ. ಒಂದು ಕೆಲಸ ಮಾಡ್ರಿ. ಕಸ್ತೂರಿ ಕಾಕೂನ ಫೋನು ಮೈಕಿನ ಬಾಜೂಕ ಇಡ್ರಿ. ಎರಡರಾಗೂ ರೆಕಾರ್ಡ್ ಹಚ್ಚಿ ಒಂದು ಪುಟ ಓದ್ರಿ. ಎರಡರಾಗೂ ಒಡದಿತ್ತು ಅಂದ್ರ ಡಾಕ್ಟರ ಕಡೆ ನಾನ ಕರಕೊಂಡು ಹೋಗತೇನಿ. ಕಂಪ್ಯೂಟರಿನ್ಯಾಗಷ್ಟ ಒಡದಿತ್ತು ಅಂದ್ರ ಗಂಟಲಿಗೆ ಏನೂ ಆಗಿಲ್ಲ."

ಎಂಥ ಸರಳ ಉಪಾಯ. ಆದರೂ ಎರಡು ದಿನ ನಾನದನ್ನು ಮಾಡಲಿಲ್ಲ. ಗೊತ್ತಾಗದೆ ಇರುವವರೆಗೆ ಅರ್ಧ ಭರವಸೆಯಾದರೂ ಕೈಯಲ್ಲಿರುತ್ತದೆ. ಕಸ್ತೂರಿಯ ಫೋನು ಎತ್ತಿಕೊಳ್ಳುವುದು, ಚಾರ್ಜ್ ಕಡಿಮೆ ಇದೆ ಎಂದು ಕೆಳಗಿಡುವುದು. ಪಕ್ಕದ ಮನೆಯ ಮಗ್ಗ ನಿಲ್ಲಲಿ ಎನ್ನುವುದು, ನಿಂತರೆ ಸ್ನಾನ ಆಗಲಿ ಎನ್ನುವುದು. ಹುಡುಗರು ಪರೀಕ್ಷೆಗೆ ಹೆದರಿದರೆ ಬೈಯುತ್ತಿದ್ದ ಮಾಸ್ತರ ನಾನೇನಾ ಎಂದು ನಾಚಿಕೆಯಾಯಿತು.

ಮೂರನೆಯ ದಿನ ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿ ಎರಡಕ್ಕೂ ಒಂದೇ ಪುಟ ಓದಿದೆ. ಮೊದಲು ಕಂಪ್ಯೂಟರಿನದು ಹಚ್ಚಿದೆ. ಅದೇ ಹರಕು ತಗಡು. ಆಮೇಲೆ ಫೋನು ಕಿವಿಗೆ ಹಿಡಿದೆ. ಎರಡು ಸಲ ತಪ್ಪು ಕಡೆ ಒತ್ತಿದೆ. ಕೊನೆಗೆ ದನಿ ಬಂತು. ಒರಟು, ದೊಡ್ಡದು, ನಡುವೆ ಒಂದು ಕೆಮ್ಮು ಬೇರೆ. ಆದರೆ ಇಡಿಯದು. ಎಲ್ಲೂ ಬಿರುಕಿಲ್ಲ. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕ ಹುಡುಗನ ಹಾಗೆ ಅತ್ತೆ. ನನ್ನ ದನಿ ನನಗೆ ಅಷ್ಟು ಚಂದ ಹಿಂದೆಂದೂ ಕೇಳಿಸಿರಲಿಲ್ಲ.

ಶಾಹೀನಳಿಗೆ ಫೋನು ಹಚ್ಚಿದೆ. ಆಕೆಗೂ ಉಸಿರು ಬಂದಂತಾಯಿತು. ಹಾಗಾದರೆ ಈಗ ಯಂತ್ರದ ರೋಗ ನೋಡೋಣ ಎಂದು, ಹಿಂದೊಮ್ಮೆ ಆಕೆ ಕಲಿಸಿದ್ದ, ಅಪ್ಪಣೆಗಳನ್ನು ಟೈಪು ಮಾಡಿ ಕೊಡುವ ಕಪ್ಪು ಪರದೆ ತೆರೆಸಿದಳು. ಅಲ್ಲಿ ಅಲ್ಸಾಮಿಕ್ಸರ್ ಎಂದು ಟೈಪು ಮಾಡಿದರೆ ಸಾಲಾಗಿ ಕೋಲುಗಳು ಬರುತ್ತವೆ. ದನಿಯ ಒಂದೊಂದು ದಾರಿಗೆ ಒಂದೊಂದು ಕೋಲು. ಕೆಳಗೆ ಹಸಿರು, ನಡುವೆ ಬಿಳಿ, ತುದಿಯಲ್ಲಿ ಕೆಂಪು. ಎಷ್ಟು ಕೋಲು ಕೆಂಪಿನವರೆಗೆ ಹೋಗಿವೆ ಎಂದು ಕೇಳಿದಳು.

"ಎಲ್ಲಾ," ಎಂದೆ.

ಇವನ್ನು ಏರಿಸಿದ್ದು ಯಾರು ಎಂದು ಕೇಳಿದಳು. ಆಗ ನನಗೆ ನೆನಪಾಯಿತು. ಮಹಬೂಬನ ಸಂದೇಶ ಬರುವ ಎರಡು ಮೂರು ದಿನ ಮೊದಲು ಕಂಪ್ಯೂಟರ್ ತಾನೇ ಏನೋ ಹೊಸದು ಇಳಿಸಿಕೊಂಡಿತ್ತು. ಆಮೇಲೆ ನನ್ನ ದನಿ ಸಣ್ಣದಾಗಿ ಬಂತು. ಶಾಹೀನ ಒಮ್ಮೆ ಮಾಡಿದ್ದನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ, ಅದನ್ನು ತೆಗೆದು, ಆ ಕೋಲುಗಳನ್ನೆಲ್ಲ ಒಂದೊಂದಾಗಿ ನೆತ್ತಿ ಮುಟ್ಟಿಸಿದ್ದೆ. ಮೈಕಿನ ದನಿಯನ್ನು ಹಿಗ್ಗಿಸುವ ಮೈಕ್ ಬೂಸ್ಟ್ ಎಂಬುದನ್ನಂತೂ ಬಟನು ಒತ್ತಿ ಹಿಡಿದು ಏರಿಸಿದ್ದೆ. ನಮ್ಮ ಸೀಮೆಯವನಿಗೆ ಕೆಂಪು ಎಂದರೆ ಹಣ್ಣಾದ ಮೆಣಸಿನಕಾಯಿ, ಮಾಲು ಕೈಗೆ ಬಂತೆಂದು ಅರ್ಥ. ಒಬ್ಬನೇ ರಿಪೇರಿ ಮಾಡಿದೆನೆಂದು ಅವತ್ತು ಹಿಗ್ಗಿ, ಮರುದಿನವೇ ಮರೆತಿದ್ದೆ. ಇಷ್ಟನ್ನೂ ಆಕೆಗೆ ಹೇಳಿದೆ.

"ಕಾಕಾ, ನಮ್ಮ ಲಕ್ಷ್ಮೇಶ್ವರದ ಬಜಾರದಾಗ ನೋಡೀರಲ್ಲ," ಎಂದಳು ನಗು ತಡೆದುಕೊಂಡು. "ಸೇರು ತುಂಬಿದ ಮ್ಯಾಲೂ ಜ್ವಾಳ ಸುರುವಿದ್ರ ಮ್ಯಾಲಿಂದು ಚೆಲ್ಲಿ ಹೋಗತೈತಿ. ನಿಮ್ಮ ದನೀನೂ ಹಂಗ. ಮೈಕಿಗೆ ಹಿಡಿಯೂದಕ್ಕಿಂತ ಹೆಚ್ಚು ಸುರುವೀರಿ. ಅದು ತಲಿ ಕಡದು ಒಳಗ ತಗೊಂಡೈತಿ."

ಹೇಳಿದಂತೆ ಕೋಲುಗಳನ್ನು ಇಳಿಸಿದೆ. ಬೂಸ್ಟನ್ನು ಪೂರ್ತಿ ತಳಕ್ಕೆ, ಉಳಿದವನ್ನು ಅರ್ಧಕ್ಕೆ. ಮೈಕಿನಿಂದ ಒಂದು ಗೇಣು ಹಿಂದೆ ಸರಿದು, ಎದುರಿಗೆ ಕೂತವರ ಜೊತೆ ಮಾತಾಡಿದಷ್ಟೇ ದನಿಯಲ್ಲಿ ಓದಬೇಕು ಎಂದು ಕಟ್ಟಪ್ಪಣೆಯಾಯಿತು. ಚಿಕ್ಕವನಿದ್ದಾಗ ತಂಬೂರಿ ನುಡಿಸುವವರೊಬ್ಬರು ನಮ್ಮ ಮನೆಗೆ ಒಂದೆಳೆ ನೂಲು ಕೇಳಿಕೊಂಡು ಬರುತ್ತಿದ್ದರು. ಅದನ್ನು ತಂತಿಯ ಅಡಿಗೆ ಸಿಕ್ಕಿಸಿ, ಕೂದಲೆಳೆಯಷ್ಟು ಆ ಕಡೆ ಈ ಕಡೆ ಸರಿಸುತ್ತ, ದನಿಗೆ ಜೀವ ಬರುವವರೆಗೆ ಕಾಯುತ್ತಿದ್ದರು. ಇಡೀ ಲಡಿ ನೂಲು ಕೊಡಲು ಸಿದ್ಧವಿದ್ದ ನಮಗೆ, ಒಂದೆಳೆ ಯಾಕೆ ಸಾಕು ಎಂಬುದು ತಿಳಿದಿರಲಿಲ್ಲ. ಅರವತ್ತು ದಾಟಿದ ಮೇಲೆ ತಿಳಿಯಿತು.

ಆ ದಿನ ಕಳಿಸಿದ ಹತ್ತು ಪುಟಕ್ಕೆ ಮಹಬೂಬನ ಉತ್ತರ ಅರ್ಧ ಗಂಟೆಯೊಳಗೆ ಬಂತು.

"ಇವತ್ತ ಇಡೀ ಐತಿ ಮಾಸ್ತರ. ಅಲ್ಲಾನ ಮೆಹರಬಾನಿ. ಮೂರು ವಾರದಾಗ ಕಥಿ ಎಲ್ಲಿ ಹೋತು ನನಗ ಖಬರಿಲ್ಲ. ದಿನಾ ಎರಡೆರಡು ಸಲ ಕೇಳೇನಿ, ಆದ್ರ ಕಥಿ ಕೇಳಿಲ್ಲ. ನಿನ್ನ ಗಂಟಲಾ ಕೇಳಕೋತ ಕುಂತಿದ್ದೆ. ಒಡದಲ್ಲಿಂದ ಮತ್ತ ಓದು."

ಆ ಹರಕು ತಗಡನ್ನು ದಿನಕ್ಕೆ ಎರಡೆರಡು ಸಲ ಕೇಳಿದ್ದ ಪುಣ್ಯಾತ್ಮ. ನಾನು ಅವನಿಂದ ಬಚ್ಚಿಡಲು ಜೋರಾಗಿ ಓದಿದಷ್ಟೂ ಅವನಿಗೆ ನನ್ನ ಕಾಯಿಲೆ ಉಲ್ಬಣಿಸಿದಂತೆ ಕೇಳಿಸಿತ್ತು.

ಮರುದಿನ ಒಡೆದಲ್ಲಿಂದ ಶುರುಮಾಡಿದೆ. ಇಳಿಸಿದ ಕೋಲು, ಇಳಿಸಿದ ದನಿ. ಜನ್ಮದಲ್ಲಿ ಅಷ್ಟು ಮೆಲ್ಲಗೆ ಮಾತಾಡಿದವನಲ್ಲ, ಯಾರದೋ ಮನೆಗೆ ಬೀಗತನಕ್ಕೆ ಹೋದಂತೆ ಸಂಕೋಚವಾಗುತ್ತಿತ್ತು. ಎರಡು ಪುಟ ಮುಗಿದಿರಬೇಕು. ಕಸ್ತೂರಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. ಮುಖ ಬಿಳುಚಿತ್ತು.

"ಯಾಕ್ರೀ, ದನಿ ಹೋತೇನು? ಒಳಗ ಏನೂ ಕೇಳವಲ್ದು."

ಏನೂ ಆಗಿಲ್ಲ, ಬೇಕೆಂದೇ ಮೆಲ್ಲಗೆ ಓದುತ್ತಿದ್ದೇನೆ ಎಂದೆ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಬಚ್ಚಲಿನ ನನ್ನ ಕ ಖ ಗ ಘ ಆಕೆಗೂ ಕೇಳಿಸಿತ್ತು, ಕಾಕಾನೂ ನೆನಪಾಗಿದ್ದ ಎಂದು ಆಗ ನನಗೆ ಅರ್ಥವಾಯಿತು. ಸುಧಾರಿಸಿಕೊಂಡ ಮೇಲೆ ಸಣ್ಣಗೆ ಸಿಟ್ಟಾದಳು.

"ಹಂಗಾದ್ರ ನನ್ನ ಗತಿ ಏನು? ಕಥಿಯೊಳಗಿನ ಆ ಹೆಣ್ಣಮಗಳು ತವರಿಗೆ ಹೋದ್ಲೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕು?"

ಐದಾರು ತಿಂಗಳಿಂದ ಲಕ್ಷ್ಮೇಶ್ವರಕ್ಕೆ ಓದುತ್ತಿದ್ದೇನೆ ಎಂದುಕೊಂಡಿದ್ದೆ. ರೊಟ್ಟಿ ಬಡಿಯುತ್ತ ಅಡುಗೆಮನೆಯೂ ಕೇಳುತ್ತಿತ್ತು. ನನ್ನ ಕೈ ಹಳೆಯ ಚಾಳಿಯಂತೆ ಆ ಕೋಲಿನ ಕಡೆ ಹೋಯಿತು. ಏರಿಸಲಿಲ್ಲ. ಕಸ್ತೂರಿ ಕೈ ತೊಳೆದು ಬಂದು, ಕುರ್ಚಿ ಎಳೆದುಕೊಂಡು ನನ್ನ ಬಾಜೂಕ ಕೂತಳು. ಕುರ್ಚಿ ಎಳೆದ ಸದ್ದು ರೆಕಾರ್ಡಿನಲ್ಲಿ ಸ್ಪಷ್ಟವಾಗಿ ಬಂದಿದೆ. ಅಳಿಸದೆ ಹಾಗೆಯೇ ಮಹಬೂಬನಿಗೆ ಕಳಿಸಿದೆ.