ಫೋನಿನಲ್ಲಿ ಅಂದ ‘ಬತ್ತೀನಿ’

ನಮ್ಮ ಸೀಮೆಯಲ್ಲಿ ಯಾರೂ ‘ಹೋಗ್ತೀನಿ’ ಅಂತ ಹೇಳಿ ಎದ್ದು ಹೋಗುವುದಿಲ್ಲ. ಹೊಸ್ತಿಲು ದಾಟುವವರು ‘ಬತ್ತೀನಿ’ ಅನ್ನಬೇಕು. ಬಾಯಿ ತಪ್ಪಿ ‘ಹೋಗ್ತೀನಿ’ ಅಂದರೆ ‘ಬಿಡ್ತು ಅನ್ನು’ ಅಂತ ಬೈಸಿಕೊಳ್ಳಬೇಕು. ಎಷ್ಟು ಒಳ್ಳೆಯ ಮಾತು! ಆ ಒಳ್ಳೆಯ ಮಾತೇ ನನ್ನ ಮದುವೆಗೆ ಕಲ್ಲು ಹಾಕಿತು. ಮಾತಿನದೇನೂ ತಪ್ಪಿಲ್ಲ ಬಿಡಿ. ನಮ್ಮಪ್ಪ ಅದನ್ನು ಫೋನಿನಲ್ಲಿ ಅಂದ.

ಎಪ್ಪತ್ತರ ದಶಕದ ನಡುಭಾಗ. ಮಂಡ್ಯದಲ್ಲಿ ನಮ್ಮಪ್ಪನದು ಬೆಲ್ಲದ ಮಂಡಿ. ಫೋನು ಮೊದಲು ಮಂಡಿಗೆ ಬಂತು, ಆಮೇಲೆ ಮನೆಗೂ ಬಂತು. ನಮ್ಮ ಬೀದಿಗೇ ಅದೊಂದು. ಅವ್ವ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿ, ಆಯುಧಪೂಜೆಯ ದಿನ ಕುಂಕುಮ ಇಟ್ಟು ಕೈ ಮುಗಿದಳು. ಅದು ನಮ್ಮ ಮನೆಯ ಮರ್ಯಾದೆಯನ್ನೇ ತಿನ್ನಲು ಬಂದಿದೆ ಅಂತ ಅವಳಿಗೇನು ಗೊತ್ತಿತ್ತು?

ಫೋನು ಬರುವುದಕ್ಕೆ ಮುಂಚೆ ನಮ್ಮಪ್ಪ ಎಂಥ ಮಾತುಗಾರ ಗೊತ್ತೇ! ಯಾರೇ ಬರಲಿ, ಮೊದಲು ಚೊಂಬಿನಲ್ಲಿ ನೀರು, ಅಂಗೈಗೆ ಒಂದು ತುಂಡು ಬೆಲ್ಲ. ಆಮೇಲೆ ಮಳೆ ಹೆಂಗೆ, ಕಬ್ಬು ಹೆಂಗೆ, ಹಸು ಕರು ಹಾಕಿತಾ, ಮಗಳು ಬಸುರಿಯಾ ಅಂತೆಲ್ಲ ವಿಚಾರಿಸಿ, ಬಂದವರ ಮುಖ ಸಡಿಲವಾದ ಮೇಲೇ ‘ಏನ್ ಬಂದ್ರಿ’ ಅನ್ನುತ್ತಿದ್ದ. ಅಣ್ಣತಮ್ಮಂದಿರ ಪಾಲಿನ ಜಗಳಗಳನ್ನು ನಮ್ಮ ಜಗಲಿಯ ಮೇಲೇ ಬಗೆಹರಿಸಿ, ಇಬ್ಬರಿಗೂ ಒಂದೇ ಪಂಕ್ತಿಯಲ್ಲಿ ಉಣ್ಣಲಿಕ್ಕಿ ಕಳಿಸುತ್ತಿದ್ದ.

ಫೋನು ಬಂದ ಮೇಲೆ ಅವನಿಗೆ ಎದುರಿಗೆ ಕೂತವರು ಭಾರವಾದರು. ಒಂದು ಸಲ ಕೆರಗೋಡಿನಿಂದ ನಮ್ಮ ಸೋದರಮಾವ ಬಂದಿದ್ದ. ಅವನು ಏನೋ ಕಷ್ಟ ಹೇಳಿಕೊಳ್ಳುತ್ತಿದ್ದಾಗ ಫೋನು ಹೊಡೆದುಕೊಂಡಿತು. ಅಪ್ಪ ಮಾತಿನ ನಡುವೆಯೇ ಎದ್ದು ಹೋದ. ಮತ್ತೆ ಬಂದು ಕೂತ, ಮತ್ತೆ ಎದ್ದ. ಫೋನಿನಲ್ಲಿ ಅಪ್ಪ ಮಾತಾಡುತ್ತಿದ್ದದ್ದಂತೂ ಹೊಲದಲ್ಲಿ ಹಂದಿ ಓಡಿಸುವಂಥ ಕೂಗು. ಮಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, “ಭಾವ, ನೀನು ಇಂಗೇ ಕೂಗುದ್ರೆ ನಮ್ಮೂರಿಗೂ ಕೇಳ್ತದೆ. ಅದ್ಯಾಕೆ ದಂಡಕ್ಕೆ ಆ ಫೋನು?” ಅಂತ ನಗಾಡಿದ. ನಗಾಡಿದನೇ ಹೊರತು ಊಟಕ್ಕೆ ನಿಲ್ಲಲಿಲ್ಲ. ಅವ್ವ ಅಡಿಗೆಮನೆಯಲ್ಲಿ ಅತ್ತಳು. ಅಪ್ಪನಿಗೆ ಅದು ಗೊತ್ತೇ ಆಗಲಿಲ್ಲ.

ಅದೇ ವರ್ಷ ಮಳವಳ್ಳಿಯಿಂದ ನನಗೊಂದು ಗಂಡು ಬಂತು. ಹುಡುಗನಿಗೆ ಶಿವನಸಮುದ್ರದ ಕರೆಂಟಿನ ಕೆಲಸ. ಅವರಪ್ಪ ಬೇಸಾಯಗಾರರು, ಮಾತು ಕಮ್ಮಿ. ನೋಡಲು ಬಂದ ದಿನ ಎಲ್ಲರೂ ನನ್ನ ಸೀರೆ, ಜಡೆ, ಹಾಡು ಹಸೆ ವಿಚಾರಿಸುತ್ತಿದ್ದರೆ ಅವನೊಬ್ಬ ನನ್ನ ಕಡೆ ತಿರುಗಿ, “ನಮ್ಮ ಕ್ವಾರ್ಟರ್ಸಲ್ಲಿ ಹಗಲೂ ರಾತ್ರಿ ಹೊಳೆ ಸದ್ದು. ನಿಮಗೆ ಅಡ್ಡಿಯಿಲ್ವಾ?” ಅಂದ. ನನಗೆ ಅಡ್ಡಿಯೇ ಅಂತ ಅದುವರೆಗೆ ಯಾರೂ ಯಾವುದಕ್ಕೂ ಕೇಳಿರಲಿಲ್ಲ. “ಇಲ್ಲ” ಅಂದೆ. ನಮ್ಮಿಬ್ಬರ ನಡುವೆ ನಡೆದದ್ದು ಅಷ್ಟೇ. ಆದರೂ ನಾನು ಅವತ್ತಿನಿಂದಲೇ ಅವನ ಹೆಂಡತಿಯಾಗಿಬಿಟ್ಟಿದ್ದೆ. ನಾಚಿಕೆಯೇನು ಹೇಳಲು? ಆ ಮನೆಗೆ ಹೋಗಬೇಕು ಅಂತ ನನಗೆ ಬಹಳ ಆಸೆಯಿತ್ತು.

ಹೆಣ್ಣು ಒಪ್ಪಿದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವುದು ನಮ್ಮಲ್ಲಿ ಪದ್ಧತಿ. ಅದಾದರೆ ಮದುವೆ ಗಟ್ಟಿಯಾದಂತೆ. ಅದಕ್ಕೆ ಕರೆಯಲು ಅವರಪ್ಪ ಬಸ್ಸು ಹತ್ತಿ ಬರುವುದರಲ್ಲಿದ್ದರಂತೆ. ಆದರೆ ಹೆಣ್ಣು ನೋಡಲು ಬಂದಿದ್ದಾಗಲೇ ನಮ್ಮಪ್ಪ, “ಅಷ್ಟಕ್ಕೆಲ್ಲ ಯಾಕೆ ಬತ್ತೀರಿ ಬೀಗ್ರೇ? ಒಂದು ಫೋನ್ ಬುಡಿ, ಸಾಕು” ಅಂತ ನಂಬರು ಬರೆದುಕೊಟ್ಟಿದ್ದ. ಪಾಪ, ಅವರು ಪಕ್ಕದ ರೈಸ್‌ಮಿಲ್ಲಿಗೆ ಹೋಗಿ ಟ್ರಂಕ್ ಕಾಲ್ ಹಾಕಿಸಿದರು.

ನಾನು ಅಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದೆ. ಲೈನಿನಲ್ಲಿ ಬರೀ ಗೊರಗೊರ. ಅಪ್ಪ “ಹಲೋ, ಹಲೋ, ಆಂ?” ಅಂತ ಕೂಗಿ ಕೂಗಿ ಸಾಕಾಗಿ, ಕೊನೆಗೆ, “ಆಯ್ತು ಬೀಗ್ರೇ, ಆಯ್ತಾಯ್ತು. ಬತ್ತೀನಿ. ಬತ್ತೀನಿ” ಅಂತ ಇಟ್ಟುಬಿಟ್ಟ.

“ಏನಂತೆ?” ಅಂದಳು ಅವ್ವ.

“ಬುಧವಾರ ಗಿಧವಾರ ಅಂದಂಗಾಯ್ತು. ತಿರುಗ ಮಾಡ್ತಾರೆ ಬುಡು.”

“ಇನ್ನೊಂದ್ಸಲ ಹೇಳಿ ಅಂತ ಕೇಳ್ಬಾರ್ದಾ?”

“ಎಷ್ಟು ಸಲ ಕೇಳನೆ? ನನಗೇನು ಕಿವುಡಾ?”

ಅಪ್ಪ ಅಂದದ್ದು ಜಗಲಿ ಇಳಿಯುವಾಗ ಅನ್ನುವ ‘ಬತ್ತೀನಿ’. ಮಾತು ಮುಗಿಯಿತು, ಇಡುತ್ತೀನಿ ಅಂತ. ಅವರ ಕಿವಿಗೆ ಬಿದ್ದದ್ದು ಬುಧವಾರ ಮನೆ ನೋಡಲು ಬರುವ ‘ಬತ್ತೀನಿ’. ಎದುರಿಗೆ ನಿಂತು ಅಂದಿದ್ದರೆ ಕಾಲು ಬಾಗಿಲ ಕಡೆ ತಿರುಗಿರುವುದು ಕಾಣುತ್ತಿತ್ತು. ಫೋನಿಗೆ ಕಾಲೆಲ್ಲಿದೆ?

ಬುಧವಾರ ಮಳವಳ್ಳಿಯಲ್ಲಿ ನೆಂಟರನ್ನೆಲ್ಲ ಕರೆದು, ಒಬ್ಬಟ್ಟು ಮಾಡಿ, ಚಾಪೆ ಹಾಸಿ, ಎಲೆ ಹರಡಿಕೊಂಡು ಕಾದರು. ಹುಡುಗ ರಜೆ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದನಂತೆ. ಹೊತ್ತು ಇಳಿದರೂ ನಾವು ಬರಲಿಲ್ಲ. ನಾವಿಲ್ಲಿ ಎಂದಿನಂತೆ ಮುದ್ದೆ ಉಂಡು ಆರಾಮಾಗಿದ್ದೆವು.

ಮಾರನೆಯ ಬೆಳಿಗ್ಗೆ ಫೋನು ಬಂತು. ಹಾಳಾದ್ದು, ಅವತ್ತು ಲೈನು ಗಾಜಿನಂತೆ ಸ್ವಚ್ಛ. ಹುಡುಗನ ಅಪ್ಪನ ದನಿ ಕೋಣೆಗೆಲ್ಲ ಕೇಳುತ್ತಿತ್ತು.

“ಏನ್ ಬೀಗ್ರೇ, ಮಾಡಿದ್ದ ಒಬ್ಬಟ್ಟ ನಾಯಿಗೆ ಹಾಕ್ಸುದ್ರಲ್ಲ, ನ್ಯಾಯವಾ?”

“ಏನ್ ಮಾತಾಡ್ತಿದ್ದೀರಿ? ನಾನ್ಯಾವಾಗ ಬತ್ತೀನಿ ಅಂದೆ?”

“ಬಾಯ್ತುಂಬ ಬತ್ತೀನಿ ಬತ್ತೀನಿ ಅಂದ್ರಿ! ಇಡೀ ಮಿಲ್ಲಿಗೇ ಕೇಳುಸ್ತು!”

“ಅದು ಫೋನ್ ಇಡುವಾಗ ಅಂದದ್ದು ಕಣ್ರೀ! ಅಷ್ಟೂ ಗೊತ್ತಾಗಲ್ವಾ? ಫೋನನ್ನೇ ಕಾಣದೋರ ಜೊತೆ ಸಂಬಂಧ ಬೆಳ್ಸಕ್ಕೋದ್ರೆ ಇದೇ ಹಣೇಬರ!”

ಅವರು “ಏನಂದ್ರಿ?” ಅಂತ ಶುರುಮಾಡುವಷ್ಟರಲ್ಲಿ ಎಕ್ಸ್‌ಚೇಂಜಿನ ಹೆಂಗಸಿನ ದನಿ ನಡುವೆ ಬಂದು “ಮೂರು ನಿಮಿಷ ಆಯ್ತು” ಅಂದಿತು. ಲೈನು ಕಟ್ಟಾಯಿತು.

ಅಪ್ಪ ಅಂದ ಆ ಮಾತೇ ಕೊನೆಯ ಮಾತಾಗಿ ಉಳಿಯಿತು. ನಮ್ಮ ಜಗಲಿಯ ಮೇಲೆ ಅಪ್ಪ ಅದನ್ನು ಅನ್ನಲು ಸಾಧ್ಯವೇ ಇರಲಿಲ್ಲ. ಅರ್ಧ ಅನ್ನುವಷ್ಟರಲ್ಲೇ ಎದುರಿನವರ ಮುಖ ಕಪ್ಪಿಡುವುದನ್ನು ಕಂಡು ಉಳಿದರ್ಧ ನುಂಗಿಕೊಳ್ಳುತ್ತಿದ್ದ. ಅವ್ವ ಮಜ್ಜಿಗೆ ಹಿಡಿದು ನಡುವೆ ನುಗ್ಗುತ್ತಿದ್ದಳು. ಯಾರಾದರೂ ನಗುತ್ತಿದ್ದರು, ನಗಿಸುತ್ತಿದ್ದರು.

“ಈಗ್ಲೇ ಬಸ್ಸತ್ತಿ ಹೋಗಿ ಬನ್ನಿ. ಕೈ ಮುಗೀತೀನಿ” ಅಂದಳು ಅವ್ವ.

“ಫೋನ್ ಹಾಕ್ತೀನಿ ಇರು. ಅದಕ್ಯಾಕೆ ಅಲ್ಲೀಗಂಟ ಹೋಗೋದು?”

ಅವತ್ತೂ ಮರುದಿನವೂ ಅಪ್ಪ ಟ್ರಂಕ್ ಕಾಲ್ ಬುಕ್ ಮಾಡುತ್ತಾ ಕೂತ. ಮಿಲ್ಲಿನವರು ಎತ್ತಿ, “ಕರೀತೀವಿ ಇರಿ” ಅನ್ನುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಬರುವುದಾದರೂ ಯಾಕೆ? ಅಪ್ಪ ಮಂಡಿಗೂ ಹೋಗದೆ ಫೋನಿನ ಮುಂದೆ ಕಾಲು ಅಲ್ಲಾಡಿಸುತ್ತಾ ಕೂತಿರುವುದನ್ನು ನೋಡಿ ನನಗೆ ಅದನ್ನು ಎತ್ತಿ ಬಾವಿಗೆ ಹಾಕುವಷ್ಟು ಸಿಟ್ಟು ಬರುತ್ತಿತ್ತು. ಅವನಿಗೆ ಹೋಗಲು ಭಯ. ಮುಖ ಕೊಟ್ಟು ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಅದನ್ನು ಅವನೇ ಬಲ್ಲ, ಒಪ್ಪಿಕೊಳ್ಳಲಾರ.

ಭಾನುವಾರ ಬೆಳಿಗ್ಗೆ ನಾನು ಸೀರೆ ಉಟ್ಟು ಹೊಸ್ತಿಲಲ್ಲಿ ನಿಂತೆ. “ಅವ್ವನ್ನ ಕರ್ಕೊಂಡು ನಾನೇ ಹೋಯ್ತೀನಿ” ಅಂದೆ. ಬಾಯಿ ಬಿಟ್ಟು ‘ಹೋಯ್ತೀನಿ’ ಅಂತಲೇ ಅಂದೆ. ಯಾರೂ ‘ಬಿಡ್ತು ಅನ್ನು’ ಅನ್ನಲಿಲ್ಲ. ಮದುವೆಗೆ ಮುಂಚೆ ಹೆಣ್ಣು ತಾನಾಗಿ ಗಂಡಿನ ಮನೆಗೆ ಹೋಗುವುದೆಂದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಅಪ್ಪ ಗೊಣಗುತ್ತಾ ಷರಟು ಹಾಕಿಕೊಂಡ. ಅವನು ದಾರಿಯಲ್ಲೇ ತಿರುಗಿಬಿಟ್ಟಾನು ಅಂತ ಅವ್ವನೂ ನಾನೂ ಜೊತೆಗೇ ಹೊರಟೆವು.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವರಪ್ಪ ಜಗಲಿಯ ಮೇಲಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ‘ಬನ್ನಿ’ ಅನ್ನಲಿಲ್ಲ. ನಾವು ಅಂಗಳದಲ್ಲೇ ನಿಂತೆವು. ಅಪ್ಪನಾದರೂ ಏನಾದರೂ ಅನ್ನಬಾರದೇ? ಅವನು ಬಾಗಿಲ ಮೇಲಿನ ತೋರಣ ನೋಡುತ್ತಾ ನಿಂತ. ಕೊನೆಗೆ ಹುಡುಗನ ತಾಯಿ ಚೊಂಬು ನೀರು ಹಿಡಿದು ಓಡಿಬಂದು, “ಅಯ್ಯೋ, ಬಿಸ್ಲಲ್ಲಿ ಯಾಕ್ರವ್ವ ನಿಂತ್ಕಂಡ್ರಿ? ಒಳಿಕ್ಕೆ ಬನ್ನಿ” ಅಂತ ನನ್ನ ಕೈ ಹಿಡಿದುಕೊಂಡರು. ಆ ಕೈ ಬಿಡಿಸಿಕೊಳ್ಳಲು ನನಗೆ ಮನಸ್ಸೇ ಬರಲಿಲ್ಲ.

ಚಾಪೆಯ ಮೇಲೆ ಕೂತೆವು. ಹುಡುಗ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತ. ಅವರಪ್ಪನೇ ಮೊದಲು ಬಾಯಿ ಬಿಟ್ಟರು.

“ನೋಡಿ, ನಾನು ದೊಡ್ಡ ಮಾತೇನೂ ಕೇಳ್ತಾಯಿಲ್ಲ. ಒಬ್ಬಟ್ಟು ಹೋದ್ರೆ ಹೋಗ್ಲಿ. ಫೋನ್ ಕಾಣದೋರು ಅಂದ್ರಲ್ಲ, ಮಿಲ್ಲಲ್ಲಿದ್ದೋರೆಲ್ಲ ನನ್ನ ಮುಖ ನೋಡುದ್ರು. ತಪ್ಪಾಯ್ತು ಅಂತ ಒಂದ್ಮಾತು ಅಂದ್ಬುಡಿ. ಎಲೆ ಅಡಿಕೆ ತರುಸ್ತೀನಿ, ಇವತ್ತೇ ಲಗ್ನದ ಮಾತಾಡವಾ.”

ಎಷ್ಟು ಸಣ್ಣ ಮಾತು! ಇನ್ನೊಬ್ಬರ ಮನೆ ಜಗಳದಲ್ಲಿ ಅದೇ ಮಾತನ್ನು ಎಷ್ಟು ಜನರ ಬಾಯಿಂದ ನಮ್ಮಪ್ಪ ಹೊರಡಿಸಿರಲಿಲ್ಲ? ಎಲ್ಲರೂ ಅವನನ್ನೇ ನೋಡಿದೆವು. ಅವನು ಚಾಪೆಯ ಅಂಚು ಕೀಳುತ್ತಾ, “ಆವತ್ತು ಲೈನು ಕ್ಲಿಯರ್ ಇರ್ನಿಲ್ಲ” ಅಂದ.

“ಲೈನಿನ ಮಾತು ಬುಡಿ. ನಿಮ್ಮ ಮಾತು ಹೇಳಿ.”

“ಅಲ್ಲ, ಎಕ್ಸ್‌ಚೇಂಜ್‌ನೋರು ನಡುವೆ ಕಟ್ ಮಾಡ್ಬುಟ್ರು. ಇಲ್ದಿದ್ರೆ ನಾನೇ...”

ಹುಡುಗ ನಡುವೆ ಬಂದು, “ಹೋಗ್ಲಿ ಬುಡಪ್ಪ. ಲೈನ್ ತಪ್ಪೇ ಇರಬೌದು” ಅಂದ. ನನಗಾಗಿಯೇ ಅಂದ ಅಂತ ಗೊತ್ತಾಗಿ ನನ್ನ ಕಣ್ಣು ತುಂಬಿಕೊಂಡಿತು. ನಮ್ಮಪ್ಪ ಅದನ್ನೂ ಕೆಡಿಸಿದ.

“ನೋಡಿ, ನಿಮ್ಮ ಮಗನೇ ಹೇಳ್ತಾವ್ನೆ. ಲೈನ್‌ದೇ ತಪ್ಪು!”

ಅವರಪ್ಪನ ಮುಖ ಬಿಗಿಯಿತು. “ಸಂಬಂಧ ಬೆಳ್ಸಕ್ಕೆ ಬಂದಿರೋದು ಲೈನಾ, ನೀವಾ ಯಜಮಾನ್ರೇ?”

ಬೀಗರು ಹೋಗಿ ಯಜಮಾನರಾಗಿದ್ದರು. ಅವ್ವ ತಡೆಯಲಾರದೆ ಕೈ ಮುಗಿದು, “ತಪ್ಪಾಯ್ತಣ್ಣ” ಅಂದಳು. “ನೀನ್ಯಾಕವ್ವ ಅಂತೀಯ? ನೀನೇನಂದಿದ್ದೆ?” ಅಂದರು ಅವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ನಾನು ಬಾಯಿ ತೆರೆದೆ. ಅವ್ವ ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿ ಕೂರಿಸಿದಳು. ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡ. ಅನ್ನಪ್ಪಾ, ಅಂದುಬಿಡಪ್ಪಾ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಮತ್ತೆ ಚಾಪೆಯ ಅಂಚಿಗೆ ಕೈ ಹಾಕಿದ.

ಅವರಪ್ಪ ಎದ್ದರು. “ಊಟ ಮಾಡ್ಕಂಡು ಹೋಗಿ. ಬಂದೋರ್ನ ಹಸ್ದೊಟ್ಟೇಲಿ ಕಳ್ಸೋ ಪದ್ಧತಿ ನಮ್ಮದಲ್ಲ” ಅಂದರು.

ಉಂಡೆವು. ಆ ತಾಯಿ ನನಗೆ ಬೇಡವೆಂದರೂ ತುಪ್ಪ ಹಾಕಿದರು. ಊಟವಾದ ಮೇಲೆ ಎಲೆ ಅಡಿಕೆ ತಟ್ಟೆ ಬರಲಿಲ್ಲ. ಸಂಬಂಧ ಬೇಡ ಅಂತ ನಮ್ಮ ಕಡೆ ಅದಕ್ಕಿಂತ ಬಿಡಿಸಿ ಹೇಳುವವರಿಲ್ಲ. ಹುಡುಗ ಬೀದಿಯ ತಿರುವಿನವರೆಗೆ ಹಿಂದೆ ಬಂದು ನಿಂತ. ನಾನು ತಿರುಗಿ ನೋಡಿದೆ. ಅವನು ತಲೆ ತಗ್ಗಿಸಿದ.

ಮದ್ದೂರಿನಲ್ಲಿ ಮಂಡ್ಯದ ಬಸ್ಸು ಹತ್ತಿ ಕೂತೆವು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮುಂದಿನ ಸೀಟಿನಲ್ಲಿದ್ದಳು. ಬಸ್ಸು ಇನ್ನೂ ಹೊರಟಿರಲಿಲ್ಲ. ಪಕ್ಕದಲ್ಲಿ ಕೂತ ಅಪ್ಪ ಮೆಲ್ಲಗೆ ನನ್ನ ಕಡೆ ಬಾಗಿದ.

“ಅಳಬ್ಯಾಡ ಕಣವ್ವ. ಮನೆಗೋದೇಟ್ಗೆ ಒಂದು ಕಾಲ್ ಬುಕ್ ಮಾಡಿ ತಪ್ಪಾಯ್ತು ಅಂದ್ಬುಡ್ತೀನಿ. ಫೋನಲ್ಲಾದ್ರೆ ಬಾಯಿಗೆ ಬತ್ತದೆ.”

ನನಗೆ ಮೈಯೆಲ್ಲ ಉರಿಯಿತು. “ಅವರಿಗೆ ಆಮೇಲೆ ಅನ್ನೀವಂತೆ. ನಾನು ಪಕ್ಕದಲ್ಲೇ ಕೂತಿದ್ದೀನಲ್ಲ, ನನ್ನ ಮುಖ ನೋಡ್ಕಂಡು ನನಗೆ ಅನ್ನಪ್ಪ” ಅಂದೆ.

ಅಪ್ಪ ನನ್ನನ್ನು ನೋಡಿದ. ಆಮೇಲೆ ಕಂಡಕ್ಟರನ ಕಡೆ ತಿರುಗಿ, ಬಸ್ಸು ಎಷ್ಟೊತ್ತಿಗೆ ಬಿಡುತ್ತದೆ ಅಂತ ಕೇಳಿದ.