ಒಬ್ಬಳಿಗೆ ನೂರು ಜನರ ಪಾಠ

ನಮ್ಮ ಮನೆಗೆ ಪಾಠಕ್ಕೆ ಬರುವ ಇಂದುಧರ ಮೇಷ್ಟ್ರು ಮೂಲತಃ ಹೊಸಪೇಟೆಯವರು. ಮದುವೆಯಾದದ್ದು ವಿಜಯವಾಡದ ಕನಕದುರ್ಗಮ್ಮನವರನ್ನು. ಅದೇ ಊರಿನ ಹಾಸ್ಟೆಲ್ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿದರು. ಹೇಳಿದರು ಅನ್ನುವುದಕ್ಕಿಂತ ಸಾರಿದರು ಅನ್ನಬೇಕು. ಒಂದೊಂದು ಸೆಕ್ಷನ್ನಿನಲ್ಲಿ ನೂರು ಹುಡುಗರು, ತಲೆಯ ಮೇಲೆ ಗರಗರ ಫ್ಯಾನು, ಕೈಯಲ್ಲಿ ಆಗಾಗ ಸಾಯುವ ಮೈಕು. ಸತ್ತ ಮೈಕಿನ ಕೆಲಸವನ್ನು ಗಂಟಲು ವಹಿಸಿಕೊಂಡಿತು, ಮೈಕು ಬೇಡವಾಯಿತು. ಆಮೇಲೆ ಕಾಲೇಜಿನವರು ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿಸಿ ಪರದೆ ಇಳಿಬಿಟ್ಟರು. ಆಗ ಮೇಷ್ಟ್ರೂ ಬೇಡವಾದರು.

ಹೆಂಡತಿಗೆ ವಿಶಾಖಪಟ್ಟಣಕ್ಕೆ ಬ್ಯಾಂಕಿನ ವರ್ಗ ಬಂತು, ಜೊತೆಯಲ್ಲಿ ಇವರೂ ಇಲ್ಲಿನ ಮಧುರವಾಡ ಬಡಾವಣೆಗೆ, ನಮ್ಮ ಅಪಾರ್ಟ್‌ಮೆಂಟಿಗೇ ಬಂದರು. ಮನೆಯಲ್ಲಿ ಕೂತು ಕುಕ್ಕರಿನ ಸೀಟಿಯ ಹಿಂದಿರುವ ವಿಜ್ಞಾನವನ್ನು ಆಕೆಗೆ ದಿನವೂ ವಿವರಿಸುತ್ತಿದ್ದರಂತೆ. ತಡೆಯಲಾರದೆ ಆಕೆ ಲಿಫ್ಟಿನಲ್ಲಿ ಸಿಕ್ಕ ನನ್ನ ಹೆಂಡತಿ ನಮ್ರತಾಳ ಹತ್ತಿರ, ನಿಮ್ಮ ಮಗಳಿಗೆ ಲೆಕ್ಕ ಬೇಕೇನಮ್ಮ ಎಂದು ಕೇಳಿದರು. ಹಾಗೆ ನಮ್ಮದು ಅವರ ಮೊದಲ ಮನೆಯಾಯಿತು. ಇದೊಂದು ಕುದುರಿದರೆ ಇದೇ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ನಾಲ್ಕು ಮನೆ, ಕುದುರದಿದ್ದರೆ ಮತ್ತೆ ಕುಕ್ಕರಿನ ಮುಂದೆ. ಇದು ಅವರಿಗೂ ಗೊತ್ತಿತ್ತು, ಕನಕದುರ್ಗಮ್ಮನವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ನಮ್ಮ ಸಿಂಧೂರ ಹತ್ತನೆಯ ತರಗತಿ. ಲೆಕ್ಕದಲ್ಲಿ ನನ್ನನ್ನೇ ಹೋಲುತ್ತಾಳೆ. ಅರ್ಥವಾಯಿತಾ ಎಂದರೆ ತಲೆಯಾಡಿಸುತ್ತಾಳೆ. ಅದೂ ನನ್ನಿಂದಲೇ ಬಂದದ್ದು. ಬಂದರಿನ ಆಫೀಸಿನಲ್ಲಿ ನಾನು ಇಷ್ಟು ವರ್ಷ ತಲೆಯಾಡಿಸಿಯೇ ಬಡ್ತಿ ಪಡೆದವನು.

ಮೊದಲ ದಿನ ಮೇಷ್ಟ್ರು ಫ್ರಿಜ್ಜಿನ ಎದುರಿಗೆ ಬೋರ್ಡು ನಿಲ್ಲಿಸಿದರು. ಮಗಳು ಕೈಯಳತೆಯಲ್ಲಿ ಕೂತಿದ್ದಳು. ಮೇಷ್ಟ್ರು ಎದೆಯುಬ್ಬಿಸಿ, "ಎಲ್ರೂ ಬೋರ್ಡ್ ನೋಡ್ರಿ. ಲಾಸ್ಟ್ ಬೆಂಚ್, ಕೇಳಸ್ತೈತೇನು?" ಎಂದರು. ಸಿಂಧೂರ ಹಿಂತಿರುಗಿ ನೋಡಿದಳು. ಫ್ರಿಜ್ಜು ಗುಂಯ್ ಎಂದಿತು.

ನಾನು ಕೋಣೆಯ ಬಾಗಿಲು ಹಾಕಿಕೊಂಡು ಫೋನು ನೋಡುತ್ತಿದ್ದೆ. ಬಾಗಿಲನ್ನೂ ಫೋನನ್ನೂ ದಾಟಿ ಪಾಠ ಬಂತು. ನಾಲ್ಕು ದಿನಕ್ಕೆ ನನಗೊಂದು ವಿಚಿತ್ರ ಅನುಭವವಾಗತೊಡಗಿತು: ಲೆಕ್ಕ ಅರ್ಥವಾಗುತ್ತಿತ್ತು. ತಲೆ ಅರ್ಧಕ್ಕರ್ಧ ನರೆತ ಮೇಲೆ ಇಂಥದ್ದನ್ನು ಯಾರಿಗಾದರೂ ಹೇಳುವುದುಂಟೆ? ಸದ್ದಿಲ್ಲದೆ ಕುರ್ಚಿಯನ್ನು ಬಾಗಿಲ ಬಳಿಗೆ ಎಳೆದುಕೊಂಡೆ.

ಆ ವಾರವೇ ಮೇಲಿನ ಮನೆಯ ರಾಮಮೋಹನ್ ಗಾರು ಬಂದರು. ಅಸೋಸಿಯೇಷನ್ನಿನ ಕಾರ್ಯದರ್ಶಿ. ಈ ಊರಿನ ಮರ್ಯಾದೆಯಂತೆ ಮೊದಲು ನಮ್ಮೆಲ್ಲರ ಆರೋಗ್ಯ ವಿಚಾರಿಸಿದರು, ಕಾಫಿಯನ್ನು ಹೊಗಳಿದರು, ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದರು. ಸಂಜೆ ಅವರ ಮನೆಯಲ್ಲಿ ಟೀವಿ ಕೇಳಿಸುತ್ತಿಲ್ಲ. ಹೀಗೇ ಆದರೆ ಟ್ಯೂಷನ್ ನಿಲ್ಲಿಸುವ ಮಾತನ್ನು ಮೀಟಿಂಗಿನಲ್ಲಿ ಎತ್ತಬೇಕಾಗುತ್ತದೆ. ನಾನು ತಲೆಯಾಡಿಸಿದೆ.

ಮೇಷ್ಟ್ರಿಗೆ ಹೇಳುವ ಕೆಲಸವನ್ನು ನಮ್ರತಾ ನನಗೇ ಬಿಟ್ಟಳು. ಸುತ್ತಿ ಬಳಸಿ ಹೇಳಿದೆ. ಅವರು ಮಾರ್ಕರಿನ ಮುಚ್ಚಳ ಹಾಕಿ, "ಹಂಗಾರೆ ಬಿಡಸ್ತೀರೇನ್ರೀ?" ಎಂದಷ್ಟೇ ಕೇಳಿದರು. ಇಲ್ಲ ಸಾರ್, ಒಂಚೂರು ಮೆತ್ತಗೆ, ಅಷ್ಟೇ ಎಂದೆ.

ಮರುದಿನ ಮೆತ್ತಗೆ ಶುರುವಾಯಿತು. ಪಾಪ, ಗಂಟಲು ಇಳಿದದ್ದೇ ಲೆಕ್ಕವೂ ಕುಂಟತೊಡಗಿತು. ಒಂದು ಹಂತದಲ್ಲಿ ಸಮ ಚಿಹ್ನೆ ದಾಟಿದ ಏಳು ತನ್ನ ಪ್ಲಸ್ಸನ್ನು ಹಾಗೇ ಹೊತ್ತುಕೊಂಡು ಹೋಯಿತು. ಬಾಗಿಲ ಸಂದಿಯಲ್ಲಿದ್ದ ನನಗೂ ಅದು ಕಂಡಿತು, ಹೇಳುವ ಹಾಗಿರಲಿಲ್ಲ. ಆಗ ಎಂದೂ ಬಾಯಿ ಬಿಡದ ಸಿಂಧೂರ, "ಸಾರ್, ಅಲ್ಲಿ ಮೈನಸ್ ಆಗ್ಬೇಕಲ್ವಾ?" ಎಂದಳು.

ಮೇಷ್ಟ್ರು ಬೋರ್ಡು ನೋಡಿದರು, ಅವಳನ್ನು ನೋಡಿದರು, ಕನ್ನಡಕ ತೆಗೆದು ಕುರ್ಚಿ ಎಳೆದುಕೊಂಡು ಕೂತರು. ಪಾಠದ ನಡುವೆ ಅವರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇಷ್ಟು ವರ್ಷದಾಗ ಒಬ್ಬರೂ ನನ್ನ ತಪ್ಪು ತೋರಿಸಿಲ್ಲವ್ವ. ನಾ ತಪ್ಪೇ ಮಾಡಿಲ್ಲ ಅಂತ ತಿಳ್ಕೊಂಡಿದ್ದೆ."

ಮಾರ್ಕರನ್ನು ಅವಳ ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ಕೇಳಿಸಿದ್ದು ಹೆಚ್ಚಾಗಿ ಮಗಳ ದನಿಯೇ, ಅದೂ ಅರೆಬರೆ. ಒಮ್ಮೆ ಇಬ್ಬರೂ ನಕ್ಕರು. ಲೆಕ್ಕದಲ್ಲಿ ನಗುವಂಥದ್ದೇನಿತ್ತೋ, ನನಗೆ ತಿಳಿಯದೆ ಹೊಟ್ಟೆ ಉರಿಯಿತು.

ಎರಡು ದಿನ ಬಿಟ್ಟು ಪಾಠದ ಹೊತ್ತಿಗೇ ಬೆಲ್ ಆಯಿತು. ಬಾಗಿಲಲ್ಲಿ ರಾಮಮೋಹನ್ ಗಾರು. ಮೇಷ್ಟ್ರು ಮೆಲ್ಲಗೆ ಎದ್ದು ನಿಂತು ಹೊರಡುವವರಂತೆ ಚೀಲಕ್ಕೆ ಕೈ ಹಾಕಿದರು. ಕಾರ್ಯದರ್ಶಿಗಳು ಈ ಸಲ ಆರೋಗ್ಯ ವಿಚಾರಿಸಲಿಲ್ಲ. ಮಾಸ್ಟರುಗಾರು ಪಾಠ ನಿಲ್ಲಿಸಿಬಿಟ್ಟರಾ ಎಂದು ನನ್ನನ್ನು ತೆಲುಗಿನಲ್ಲಿ ಕೇಳಿದರು. ಅವರ ಮೊಮ್ಮಗಳು ಬಿಂದುಶ್ರೀ ಬಾಲ್ಕನಿಯಲ್ಲಿ ಕೂತು ಇಷ್ಟು ದಿನ ಕೇಳಿಸಿದ ಪಾಠ ಬರೆದುಕೊಳ್ಳುತ್ತಿದ್ದಳಂತೆ. ಈಗ ವರ್ಗಸಮೀಕರಣ ಅರ್ಧಕ್ಕೆ ನಿಂತು, ಟೀವಿ ಮಾತ್ರ ಚೆನ್ನಾಗಿ ಕೇಳಿಸುತ್ತಿದೆಯಂತೆ.

"ಕಂಪ್ಲೇಂಟ್ ಮಾಡಿದ್ದು ನಾನೇ, ಗಿರೀಶ್ ಗಾರು. ಆದರೆ ಇಷ್ಟು ಮೆಲ್ಲಗೆ ಅಂತ ಹೇಳಲಿಲ್ಲವಲ್ಲ."

ಮೇಷ್ಟ್ರು ಚೀಲದಿಂದ ಕೈ ತೆಗೆದರು. ಈಗ ಅವರಿಗೆ ಮೇಲಿನ ಮನೆಯೂ ಇದೆ. ಅಲ್ಲಿಯೂ ಕೂತೇ ಹೇಳುತ್ತಾರಂತೆ, ಟೀವಿಗೆ ಅಡ್ಡಿಯಿಲ್ಲದಂತೆ.

ನಷ್ಟವಾದದ್ದು ನನಗೊಬ್ಬನಿಗೆ. ಬಾಗಿಲಿಗೆ ಕಿವಿಯಿಟ್ಟರೂ ಏನೂ ಕೇಳದು. ಮೊನ್ನೆ ನಾಚಿಕೆ ಬಿಟ್ಟು, ವರ್ಗಸಮೀಕರಣದಲ್ಲಿ ಆ ವರ್ಗ ಪೂರ್ಣ ಮಾಡಿದ ಮೇಲೆ ಮುಂದೇನು ಅಂತ ಸಿಂಧೂರಳನ್ನೇ ಕೇಳಿದೆ. ಅವಳು ನನ್ನನ್ನು ಫ್ರಿಜ್ಜಿನ ಎದುರು ಕೂರಿಸಿ ಬರೆದು ತೋರಿಸಿದಳು. ನಾನು ಅಭ್ಯಾಸದಂತೆ ತಲೆಯಾಡಿಸಿದೆ.

ಅವಳು ಮಾರ್ಕರಿನ ಮುಚ್ಚಳ ಹಾಕಿದಳು.

"ಲಾಸ್ಟ್ ಬೆಂಚ್, ತಲೆ ಆಡಿಸಿದ್ದು ಸಾಕು. ಎಲ್ಲಿ ಅರ್ಥವಾಗಿಲ್ಲ, ಹೇಳಪ್ಪಾ."