ಸೀಮೆಸುಣ್ಣದ ಅಂಗೈ

ನಮ್ಮ ಜೀವಶಾಸ್ತ್ರದ ಸರ್ ಅವರ ಬಲಗೈ ಮಣಿಕಟ್ಟಿನವರೆಗೆ ಸೀಮೆಸುಣ್ಣದ ಬಿಳಿ. ಬೋರ್ಡನ್ನು ಅಂಗೈಯಿಂದಲೇ ಒರೆಸುತ್ತಿದ್ದರು. ಬಾಗಲಕೋಟೆಯ ಕಾಲೇಜಿಗೆ ಹೊಸದಾಗಿ ಬಂದವರು ಮುಸಿಮುಸಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆ ಕೈ ಬಿಳಿಯಾದದ್ದು ನನ್ನಿಂದ.

ಮೊದಲು ಅವರ ಕೈಯಲ್ಲಿ ಕಟ್ಟಿಗೆಯ ಡಸ್ಟರ್ ಇರುತ್ತಿತ್ತು. ಅದು ಬೋರ್ಡಿಗಿಂತ ನಮ್ಮ ಬೆರಳ ಗಂಟುಗಳ ಮೇಲೆಯೇ ಹೆಚ್ಚು ಆಡಿತ್ತು. ಸಿಟ್ಟು ಮೂಗಿನ ತುದಿಯಲ್ಲೇ. ಸ್ಲೈಡ್ ಒಡೆದವನ ಕಪಾಳಕ್ಕೆ ಬಿಗಿದದ್ದನ್ನು ಕಣ್ಣಾರೆ ಕಂಡಿದ್ದೇನೆ. "ಜೀವಕೋಶ ತಪ್ಪು ಕ್ಷಮಿಸಂಗಿಲ್ಲ, ನಾನೂ ಕ್ಷಮಿಸಂಗಿಲ್ಲ" ಎನ್ನುತ್ತಿದ್ದರು.

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ, ಜೀವಕೋಶ ಹೊರಗಿನ ವಸ್ತುವನ್ನು ನುಂಗುವ ಪಾಠ. ಪೊರೆಯ ಮೇಲಿನ ಗ್ರಾಹಕ ಎಂಬ ಪ್ರೋಟೀನ್ ಆ ವಸ್ತುವನ್ನು ಹಿಡಿಯುತ್ತದೆ. ಒಳಗಿನಿಂದ ಕ್ಲಾಥ್ರಿನ್ ಎಂಬ ಪ್ರೋಟೀನ್ ಬುಟ್ಟಿ ಹೆಣೆದು ಪೊರೆಯನ್ನು ಒಳಕ್ಕೆ ಬಗ್ಗಿಸುತ್ತದೆ. ಚಿತ್ರ ಬಿಡಿಸಲು ನನ್ನನ್ನು ಕರೆದರು. ನಾನು ಗ್ರಾಹಕಕ್ಕೆ ಕ್ಲಾಥ್ರಿನ್ನನ್ನು ನೇರವಾಗಿ ಅಂಟಿಸಿಬಿಟ್ಟೆ.

"ಎರಡನ್ನೂ ಜೋಡಸೋ ಪ್ರೋಟೀನ್ ಎಲ್ಲೈತಿ? ಇಳಕಲ್ಲ ನೇಕಾರರ ಮಗಳಾಗಿ ಕೊಂಡಿ ಮರಿತಿ ಏನ?"

ನಮ್ಮ ಸೀರೆಯಲ್ಲಿ ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅದನ್ನು ಹಾಕುತ್ತಲೇ ಬೆಳೆದವಳು ನಾನು. ನಾಚಿ ತಿರುಗುವಷ್ಟರಲ್ಲಿ ಡಸ್ಟರ್ ಹಣೆಗೆ ಬಡಿಯಿತು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು.

ಮರುದಿನ ಅಪ್ಪ ಬಂದ. ಸ್ಟಾಫ್ ರೂಮಿನಲ್ಲಿ ಸರ್ ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಅವರ ತುಟಿ ಒಡೆಯಿತು.

"ಹಡದ ಅಪ್ಪ ನಾನ ಆಕಿ ಮ್ಯಾಲ ಕೈ ಎತ್ತಿಲ್ಲ! ಸಾಕು ಈ ಕಾಲೇಜು. ನಡಿ ಮನಿಗಿ!" ಎಂದು ನನ್ನ ರಟ್ಟೆ ಹಿಡಿದೆಳೆದ.

"ಇನ್ನೆರಡ ಹೊಡೀರಿ, ತಪ್ಪು ನಂದ," ಎಂದರು ಸರ್. "ಆದ್ರ ಆಕಿನ್ನ ಬಿಡಸಬ್ಯಾಡ್ರಿ. ಕೊಂಡಿ ಹಾಕದ ನೇದ್ರ ಏನಾಗ್ತೈತ್ರಿ?"

"ಸೆರಗು ಕೈಯಾಗ ಬರ್ತೈತಿ," ಅಪ್ಪ ಗುರುಗುಟ್ಟಿದ.

"ಕೋಶದಾಗೂ ಹಂಗ. ನಾ ಪುಸ್ತಕದಾಗ ಓದಿ ಕಲತದ್ದು ಆಕಿ ಬೆರಳಾಗ ಐತ್ರಿ."

ಅಪ್ಪ ನನ್ನ ಹಣೆಯ ಪಟ್ಟಿ ನೋಡಿದ. "ಮತ್ತ ಕೈ ಎತ್ತಿದ್ರ?"

ಸರ್ ಮೇಜಿನ ಮೇಲಿದ್ದ ಡಸ್ಟರನ್ನು ಕಿಟಕಿಯಾಚೆ ಎಸೆದರು. "ಇನ್ನ ಇದನ್ನ ಮುಟ್ಟಂಗಿಲ್ರಿ."

ಅಪ್ಪ ಒಬ್ಬನೇ ಬಸ್ಸು ಹತ್ತಿದ.

ನಿವೃತ್ತಿಯವರೆಗೂ ಅವರು ಡಸ್ಟರ್ ಮುಟ್ಟಲಿಲ್ಲ. ಹೊಡೆದದ್ದನ್ನು ನಾನಿನ್ನೂ ಕ್ಷಮಿಸಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಇವತ್ತು ನಾನೂ ಅದೇ ಪಾಠ ಮಾಡುವವಳಾಗಿದ್ದರೆ ಅದು ಅವರ ಋಣ.

ಅವರು ತೀರಿಕೊಂಡ ಸುದ್ದಿ ಕ್ಲಾಸಿನಲ್ಲಿದ್ದಾಗ ಬಂತು, ಹಾಗೇ ಹೊರಟೆ. ವಿಭೂತಿ ಹಚ್ಚಿ ಕೂಡಿಸಿದ್ದರು. ಬಲ ಅಂಗೈ ಚೊಕ್ಕವಾಗಿತ್ತು, ಸೀಮೆಸುಣ್ಣದ ಗುರುತೇ ಇರಲಿಲ್ಲ. ಅದು ಯಾರದೋ ಕೈ ಅನ್ನಿಸಿತು. ನನ್ನ ಮುಷ್ಟಿಯಲ್ಲೇ ಉಳಿದಿದ್ದ ಸೀಮೆಸುಣ್ಣದ ತುಂಡನ್ನು ಪುಡಿ ಮಾಡಿ ಆ ಅಂಗೈಗೆ ಸವರಿದೆ.